ಸೂತಕದ ನೀರು: ಏಳನೆಯ ಕಂತು

ಸೀಲ್ ಮಾಡಿದ ಬಾವಿಯ ಹಗ್ಗ ಒದ್ದೆಯಾಗಿತ್ತು.

ಸಬ್ ಇನ್‌ಸ್ಪೆಕ್ಟರ್ ಮರುಳಸಿದ್ದಪ್ಪ ಅದನ್ನು ಬೆರಳಲ್ಲಿ ಹಿಂಡಿ ನೋಡಿದ. ನೀರು ತೊಟ್ಟಿಕ್ಕಿತು. ಬಾವಿಕಟ್ಟೆಯ ಸುತ್ತ ಅವನೇ ಕಟ್ಟಿಸಿದ್ದ ಪೊಲೀಸ್ ಪಟ್ಟಿ ಒಂದಿಷ್ಟೂ ಅಲುಗಿರಲಿಲ್ಲ. ಯಾರೋ ಅದರಡಿ ಬಗ್ಗಿ ಒಳಗೆ ಬಂದು, ಕೊಡಪಾನ ಇಳಿಸಿ ನೀರು ಸೇದಿಕೊಂಡು, ಬಂದ ಹಾಗೆಯೇ ಬಗ್ಗಿ ಹೊರಟುಹೋಗಿದ್ದರು. ಏಪ್ರಿಲ್ ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ಇಂಥ ಬಿಸಿಲಿಗೂ ಹಗ್ಗ ಒಣಗಿಲ್ಲವೆಂದರೆ ಇದು ಇವತ್ತು ಬೆಳಿಗ್ಗೆಯೇ ನಡೆದ ಕೆಲಸ.

ಇದೇ ಮನೆಯಲ್ಲಿ ಭಾನುವಾರ ನೀರು ಕುಡಿದ ಪುರೋಹಿತ ಶ್ರೀನಿವಾಸಮೂರ್ತಿ ಸಂಜೆಯೊಳಗೆ ಹೆಣವಾಗಿದ್ದರು, ಮಗಳು ಮಹಿಮಾ ಶಿವಮೊಗ್ಗದ ಆಸ್ಪತ್ರೆ ಸೇರಿದ್ದಳು, ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತ ಬಂದಿದ್ದ ಪಂಚಾಯ್ತಿಯ ನೀರುಗಂಟಿ ಸುಬ್ಬಪ್ಪ ನಿನ್ನೆ ರಾತ್ರಿಯಿಂದ ಲಾಕಪ್ಪಿನಲ್ಲಿದ್ದ.

ಹೊಟ್ಟೆಗೆ ಹೋದದ್ದು ತೋಟದ ಕೀಟನಾಶಕ ಎಂದು ವೈದ್ಯರು ಹೇಳಿದ್ದರು. ಸುಬ್ಬಪ್ಪ ಬಿಡುವಿದ್ದಾಗ ತೋಟಕ್ಕೆ ಔಷಧಿ ಹೊಡೆಯುವ ಕೂಲಿಗೂ ಹೋಗುತ್ತಿದ್ದ. ಹಾಗಾದರೆ ಅದೇ ಬಕೀಟಿನಲ್ಲಿ ಬ್ಲೀಚಿಂಗ್ ಕಲಸಿ ಬಾವಿಗೆ ಸುರಿದಿದ್ದಾನೆ ಎಂಬಲ್ಲಿಗೆ ಪೊಲೀಸರ ತರ್ಕ ಸುಸೂತ್ರವಾಗಿ ಮುಗಿದಿತ್ತು. ಬಡವನ ತಲೆ ಮೇಲೆ ಗೂಬೆ ಕೂರಿಸಲು ಅಷ್ಟು ತರ್ಕ ಧಾರಾಳ ಸಾಕು. ಇವತ್ತು ಸಂಜೆಯೊಳಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕಿತ್ತು.

"ಯಾರ್ರೀ ಇಲ್ಲಿ ನೀರು ಸೇದಿದ್ದು?"

ಜಗಲಿಯ ಮೇಲೆ ಕುಳಿತಿದ್ದ ತೇಜಸ್ವಿ ತಲೆಯೆತ್ತಿದ. ಸತ್ತವರ ತಮ್ಮನ ಮಗ. ದೊಡ್ಡಪ್ಪನಿಗೆ ಗಂಡುಮಕ್ಕಳಿಲ್ಲದ ಕಾರಣ ಕ್ರಿಯೆಗೆ ಕೂತವನು ಇವನೇ. ತಲೆ ಬೋಳಿಸಿಕೊಂಡು, ಮೈಗೆ ಒಂದೇ ಪಂಚೆ ಸುತ್ತಿಕೊಂಡು, ನಿದ್ದೆಗೆಟ್ಟ ಕಣ್ಣಲ್ಲಿ ಬಾವಿಯನ್ನೇ ನೋಡುತ್ತಿದ್ದ.

"ಅತ್ತೆ ಸೇದಿರ್ಬೇಕು ಸಾರ್. ಬೇಡ ಅಂದ್ರೆ ಕೇಳೋ ಜನ ಅಲ್ಲ ಅವರು."

ಅತ್ತೆ ಎಂದರೆ ಶ್ರೀನಿವಾಸಮೂರ್ತಿಗಳ ಅಕ್ಕ ವೇದಾವತಿ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಮಹಿಮಾಳ ತಾಯಿ ತೀರಿಕೊಂಡ ಮೇಲೆ ಅವಳನ್ನು ಎತ್ತಿ ಆಡಿಸಿ ಬೆಳೆಸಿದವರು. ಸೋಮವಾರ ವಿಚಾರಣೆಗೆ ಬಂದಾಗ ಮರುಳಸಿದ್ದಪ್ಪ ಅವರನ್ನು ಬಾಗಿಲ ಸಂದಿಯಲ್ಲಿ ಕಂಡಿದ್ದನೇ ಹೊರತು ಮಾತಾಡಿಸಿರಲಿಲ್ಲ. ಮಡಿಯವರು, ದುಃಖದಲ್ಲಿದ್ದಾರೆ, ಹತ್ತಿರ ಹೋಗುವುದು ಬೇಡ ಎಂದುಕೊಂಡಿದ್ದ. ಆ ದಾಕ್ಷಿಣ್ಯಕ್ಕೆ ಅವನು ಇವತ್ತು ಬೆಲೆ ತೆರಬೇಕಾಗಿ ಬರುತ್ತದೆಂದು ಆಗ ಅವನಿಗೆ ಗೊತ್ತಿರಲಿಲ್ಲ.

"ಇವತ್ತೊಂದೇ ದಿನ ಸೇದಿದ್ದಾ?"

"ದಿನಾ ಸೇದ್ತಾರೆ. ನಿನ್ನೆ ಸೇದಿದ್ರು, ಭಾನುವಾರಾನೂ ಸೇದಿದ್ರು. ಅವರಿಗೆ ಮಡಿನೀರೇ ಆಗ್ಬೇಕು ಸಾರ್. ಮೋಟಾರಲ್ಲಿ ಚರ್ಮದ ವಾಷರ್ ಇರುತ್ತೆ ಅಂತ ಯಾರೋ ಒಂದ್ಸಲ ಹೇಳಿಬಿಟ್ರು. ಅವತ್ತಿಂದ ಟ್ಯಾಂಕಿನ ನೀರು ಬಾಯಿಗೆ ಹಾಕಿಲ್ಲ. ನಾವೆಲ್ಲ ಟ್ಯಾಂಕಿಂದು ಕುಡೀತೀವಿ, ಅವರದ್ದು ಅವರಿಗೆ."

"ಭಾನುವಾರ ಈ ಬಾವಿ ನೀರು ಕುಡಿದ್ರಾ ಅವರು?"

"ಕುಡೀದೆ ಮತ್ತೆ?"

"ಏನೂ ಆಗ್ಲಿಲ್ವಾ?"

ತೇಜಸ್ವಿ ಆ ಪ್ರಶ್ನೆ ತನಗೆ ಈಗಷ್ಟೇ ಹೊಳೆಯಿತು ಎಂಬಂತೆ ಹುಬ್ಬು ಗಂಟಿಕ್ಕಿದ. ನಿಜವಾಗಿ ಈಗಷ್ಟೇ ಹೊಳೆಯಿತೋ, ಹೊಳೆದ ಹಾಗೆ ಮಾಡಿದನೋ, ಮರುಳಸಿದ್ದಪ್ಪನಿಗೆ ಬಗೆಹರಿಯಲಿಲ್ಲ.

"ಎಲ್ಲಿದಾರೆ ಅವರು?"

"ಬೆಳಿಗ್ಗೆ ಬಸ್ಸಿಗೆ ಶಿವಮೊಗ್ಗಕ್ಕೆ ಹೋದ್ರು. ಮಹಿಮಾನ ಐಸಿಯುವಿಂದ ವಾರ್ಡಿಗೆ ಹಾಕಿದಾರಂತೆ. ನಾನು ಕ್ರಿಯೆಗೆ ಕೂತೋನು, ಮನೆ ಬಿಟ್ಟು ಹೋಗೋ ಹಾಗಿಲ್ಲ."

ಆ ಸುದ್ದಿ ಮರುಳಸಿದ್ದಪ್ಪನಿಗೂ ಗೊತ್ತಿತ್ತು. ಬೆಳಿಗ್ಗೆ ಅವನೇ ವಾರ್ಡಿಗೆ ಫೋನು ಮಾಡಿದ್ದ. ಹುಡುಗಿ ಉಳಿಯುತ್ತಾಳೆ, ಇವತ್ತಿನಿಂದ ಬಾಯಲ್ಲಿ ನೀರು ಕೊಡಬಹುದು ಎಂದು ನರ್ಸ್ ಹೇಳಿದಾಗ ಅವನಿಗೆ ಕಣ್ಣು ಒದ್ದೆಯಾಗಿತ್ತು. ಅವನಿಗೂ ಅದೇ ವಯಸ್ಸಿನ ಮಗಳಿದ್ದಳು, ಅವಳೂ ಈಗಷ್ಟೇ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದಿದ್ದಳು.

ಬಾವಿಕಟ್ಟೆಯ ಮೇಲೆ ಆರೋಗ್ಯ ಇಲಾಖೆಯ ಚೈತ್ರ ತನ್ನ ಪರೀಕ್ಷೆಯ ಪೆಟ್ಟಿಗೆ ಬಿಚ್ಚಿಕೊಂಡಿದ್ದಳು. ಜಯಪುರದ ಹುಡುಗಿ, ಮಾತು ಕಡಿಮೆ. ಕೊಡಪಾನದಿಂದ ಗಾಜಿನ ನಳಿಗೆಗೆ ನೀರು ಹುಯ್ದು, ಸಣ್ಣ ಬಾಟಲಿಯಿಂದ ಹನಿ ಹಾಕಿ ಅಲುಗಾಡಿಸಿದಳು. ನೀರಿಗೆ ತೆಳುವಾಗಿ ಹಳದಿ ಬಣ್ಣ ಬಂತು.

"ಕ್ಲೋರಿನ್ ಇದೆ ಸಾರ್. ಈ ನೀರಿಗೆ ಬ್ಲೀಚಿಂಗ್ ಬಿದ್ದಿದೆ."

"ಇದು ಮಡಿನೀರು. ಬ್ಲೀಚಿಂಗ್ ಹಾಕೋಕೆ ವೇದಾವತಮ್ಮ ಬಿಡಲಿಲ್ಲ ಅಂತ ಊರೆಲ್ಲ ಹೇಳ್ತು."

"ಅವರು ಬಿಡ್ಲಿಲ್ಲ. ಸುಬ್ಬಪ್ಪ ಕೇಳ್ಲಿಲ್ಲ ಅಂತ ಕಾಣುತ್ತೆ." ಚೈತ್ರ ನಳಿಗೆಯನ್ನು ಬೆಳಕಿಗೆ ಹಿಡಿದಳು. "ಊರಲ್ಲಿ ಅಷ್ಟು ಜನಕ್ಕೆ ಕಾಮಾಲೆ ಆಗಿದೆ. ಅವರು ದೇವರ ಮುಂದೆ ಕೂತಾಗ ಹಾಕಿ ಹೋಗಿರ್ಬೇಕು. ಪಾಪ, ಅಮ್ಮ ಮೂರು ದಿನದಿಂದ ಇದನ್ನೇ ಮಡಿನೀರು ಅಂತ ಕುಡೀತಿದಾರೆ."

ನಾನು ಹಾಕಿದ್ದು ಬಾವಿಗೇ ಸಾರ್, ಬಾವಿಗೇ, ಎಂದು ಸುಬ್ಬಪ್ಪ ರಾತ್ರಿಯೆಲ್ಲ ಲಾಕಪ್ಪಿನ ಸರಳು ಹಿಡಿದು ಹೇಳಿದ್ದ. ಅದನ್ನು ತಪ್ಪೊಪ್ಪಿಗೆ ಎಂದು ಬರೆದುಕೊಂಡ ಮಹಾನುಭಾವ ಮರುಳಸಿದ್ದಪ್ಪನೇ. ಸುಬ್ಬಪ್ಪನ ಬಕೀಟಿನಲ್ಲಿ ವಿಷ ಇದ್ದಿದ್ದರೆ ಮೊದಲು ಸಾಯಬೇಕಿದ್ದವರು ವೇದಾವತಿ. ಅವರು ಗಟ್ಟಿಮುಟ್ಟಾಗಿ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿದ್ದಾರೆ. ಅಂದರೆ ಬಾವಿ ಕೊಂದಿಲ್ಲ. ಕೊಂದದ್ದು ಟ್ಯಾಂಕು.

"ಟ್ಯಾಂಕಿನ ನೀರು ಬೇಕಲ್ಲ ಚೈತ್ರ."

"ಎಲ್ಲಿಂದ ತರೋದು ಸಾರ್? ಸೂತಕದ ಮನೆ."

ಅದೂ ನಿಜವೇ. ಸಾವಾದ ಮನೆಯಲ್ಲಿ ತುಂಬಿಟ್ಟ ನೀರನ್ನು ಉಳಿಸಿಕೊಳ್ಳುವ ಹಾಗಿಲ್ಲ. ಹಂಡೆ, ಕೊಡ, ತಂಬಿಗೆ, ದೇವರ ಪಂಚಪಾತ್ರೆ, ಎಲ್ಲವನ್ನೂ ಬರಿದು ಮಾಡಿ ತೊಳೆದು ಬೋರಲು ಹಾಕಬೇಕು. ಹೆಣ ಎತ್ತಿದ ಕೂಡಲೇ ಮನೆಯವರು ಅಷ್ಟನ್ನೂ ಮಾಡಿದ್ದರು. ಟ್ಯಾಂಕನ್ನೂ ಖಾಲಿ ಮಾಡಿ ತಿಕ್ಕಿ ತೊಳೆದಿದ್ದರು. ಶಾಸ್ತ್ರ ಸಾರ್, ಮಾಡಬಹುದಲ್ಲ, ಎಂದು ಕೇಳಿದಾಗ ಧಾರಾಳವಾಗಿ ಮಾಡಿ ಎಂದವನು ಮತ್ತೆ ಇದೇ ಮರುಳಸಿದ್ದಪ್ಪ. ಬಾವಿಯ ನೀರನ್ನು ಬಾಟಲಿಗೆ ತುಂಬಿ ಅರಗು ಹಾಕಿ ಲ್ಯಾಬಿಗೆ ಕಳಿಸಿ, ಕೊಂದ ನೀರನ್ನು ಬಾಳೆಬುಡಕ್ಕೆ ಹೋಗಲು ಬಿಟ್ಟಿದ್ದ. ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಮಾತನ್ನು ಯಾರೋ ಅವನನ್ನು ನೋಡಿಯೇ ಕಟ್ಟಿರಬೇಕು.

ಕೊಟ್ಟಿಗೆಯ ಬದಿಯಿಂದ ಹೊನ್ನಕ್ಕ ಬಂದಳು. ಈ ಮನೆಯ ಅಂಗಳ, ಕೊಟ್ಟಿಗೆ, ಪಾತ್ರೆ, ಎಲ್ಲ ಅವಳ ಕೈಯಲ್ಲೇ ಸಾಗುತ್ತಿದ್ದುದು. ನಿನ್ನೆ ಬೆಳಿಗ್ಗೆ ಹೇಳಿಕೆ ಕೊಡುವಾಗ ಎದೆ ಸೆಟೆಸಿ ನಿಂತಿದ್ದ ಹೆಂಗಸು ಇವತ್ತು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಬಂದು ಅವನ ಬೂಟಿನ ಹತ್ತಿರ ಕುಕ್ಕರಿಸಿದಳು.

"ಸಾರ್, ನನ್ ತಮ್ಮನ್ನ ಬಿಟ್ಬಿಡಿ."

"ಯಾರು ನಿನ್ನ ತಮ್ಮ?"

"ಸುಬ್ಬ. ಸುಬ್ಬಪ್ಪ. ನಾನೇ ಎತ್ತಿ ಬೆಳೆಸಿದ್ದು ಅವನ್ನ. ಅವ ಅಂತೋನಲ್ಲ ಸಾರ್. ತೋಟಕ್ಕೆ ಹೊಡೆಯೋ ಬಕೀಟು ಬೇರೆ ಇಡ್ತಾನೆ, ಪಂಚಾಯ್ತಿ ಬಕೀಟು ಬೇರೆ ಇಡ್ತಾನೆ. ಅವ ಬಂದ, ಬಾವಿಗೆ ಸುರುವಿದ, ಒಂದು ಲೋಟ ಮಜ್ಜಿಗೆ ಕುಡ್ದ, ಹೋದ. ನಾ ಕಂಡಿದೀನಿ."

ಸುಬ್ಬಪ್ಪ ಇವಳ ತಮ್ಮ ಎಂಬುದು ಅವನಿಗೆ ಗೊತ್ತಿರಲಿಲ್ಲ. ಊರಿಗೆಲ್ಲ ಗೊತ್ತಿತ್ತು. ಊರಿಗೆಲ್ಲ ಗೊತ್ತಿರುವುದನ್ನು ಪೊಲೀಸರಿಗೆ ಯಾರೂ ಹೇಳುವುದಿಲ್ಲ, ಅವರಿಗೂ ಗೊತ್ತಿರುತ್ತದೆ ಎಂದುಕೊಂಡಿರುತ್ತಾರೆ. ಏಳಮ್ಮ, ನೋಡೋಣ, ಎಂದಷ್ಟೇ ಹೇಳಿ ಅವನು ಮೆಟ್ಟಿಲು ಹತ್ತಿದ. ಗಂಟಲು ಒಣಗಿತ್ತು. ಆದರೆ ಈ ಮನೆಯಲ್ಲಿ ನೀರು ಕೇಳುವ ಧೈರ್ಯ ಯಾರಿಗಿದೆ?

ಜಗಲಿ ದಾಟಿದರೆ ನಡುಮನೆ. ಅಲ್ಲೇ ಗೋಡೆಗೆ ಒತ್ತಿ ಫ್ರಿಜ್ ಇಟ್ಟಿದ್ದರು. ಅಡುಗೆಮನೆಯೊಳಗೆ ಅದಕ್ಕೆ ಪ್ರವೇಶವಿಲ್ಲ, ಮಡಿಗೆ ಬರುವುದಿಲ್ಲ. ಮೇಲೆ ಮಹಿಮಾಳ ಪರೀಕ್ಷೆಯ ವೇಳಾಪಟ್ಟಿ ಇನ್ನೂ ಅಂಟಿಕೊಂಡಿತ್ತು, ಬರೆದು ಮುಗಿಸಿದ ವಿಷಯಗಳ ಮುಂದೆಲ್ಲ ಹಸಿರು ಗೀಟು. ಫ್ರಿಜ್ ಸಣ್ಣಗೆ ಗುಂಯ್‌ಗುಡುತ್ತಿತ್ತು. ಮರುಳಸಿದ್ದಪ್ಪ ಮೇಲಿನ ಬಾಗಿಲು ತೆಗೆದ.

ಒಳಗೆ ಐಸಿನ ತಟ್ಟೆ ಇತ್ತು, ತುಂಬಿತ್ತು.

"ಇದೇನ್ರೀ?"

ಹಿಂದೆಯೇ ಬಂದಿದ್ದ ತೇಜಸ್ವಿ ಇಣುಕಿದ. "ಅದು ಐಸು ಸಾರ್."

"ನೀರೆಲ್ಲ ಚೆಲ್ಲಿದ್ವಿ ಅಂದ್ರಲ್ಲ?"

"ನೀರು ಚೆಲ್ಲಿದ್ವಿ. ಇದು ಐಸು."

"ಐಸು ನೀರಲ್ವಾ?"

ಇಷ್ಟು ಮಡಿ ಮೈಲಿಗೆ ಬಲ್ಲ ಮನೆಯಲ್ಲಿ ಆ ಪ್ರಶ್ನೆ ಈವರೆಗೆ ಯಾರಿಗೂ ಬಂದಿರಲಿಲ್ಲ. ಹಂಡೆ ಬರಿದು ಮಾಡಿದ ಕೈಗಳು, ತಂಬಿಗೆಯ ತಳದ ಗುಟುಕನ್ನೂ ಚೆಲ್ಲಿದ ಕೈಗಳು, ಇದನ್ನು ಮಾತ್ರ ಮುಟ್ಟಿರಲಿಲ್ಲ.

"ಯಾರು ಇಟ್ಟಿದ್ದು?"

ಬಾಗಿಲಲ್ಲಿ ನಿಂತಿದ್ದ ಹೊನ್ನಕ್ಕ ಹೇಳಿದಳು. "ಕೂಸು ಇಟ್ಟಿದ್ದು ಸಾರ್, ಭಾನುವಾರ. ಪರೀಕ್ಷೆ ಮುಗೀತು, ಊಟ ಆದ್ಮೇಲೆ ಎಲ್ಲರಿಗೂ ಲಿಂಬೆ ಪಾನಕ ಮಾಡ್ತೀನಿ ಅಂತು. ಅಡುಗೆಮನೆ ನಲ್ಲಿಂದ ಹಿಡಿದು ಇಟ್ಟಿತ್ತು. ಪಾನಕ ಮಾಡೋವಷ್ಟು ಹೊತ್ತು ಎಲ್ಲಿತ್ತು, ಊಟದಲ್ಲೇ ಶುರುವಾಯ್ತಲ್ಲ."

ಅಡುಗೆಮನೆಯ ನಲ್ಲಿ ಎಂದರೆ ಟ್ಯಾಂಕಿನ ನೀರು.

ಚೈತ್ರ ಕೈಗವಸು ಹಾಕಿಕೊಂಡು ತಟ್ಟೆಯನ್ನು ಹೊರಗೆ ತಂದಳು. ಒಂದೆರಡು ತುಂಡನ್ನು ಗಾಜಿನ ಬಟ್ಟಲಿಗೆ ಹಾಕಿ, ಉಳಿದದ್ದನ್ನು ಲ್ಯಾಬಿಗೆಂದು ಐಸಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಳು. ಬಿಸಿಲಿಗಿಟ್ಟ ತುಂಡುಗಳು ಬೇಗ ಕರಗಿದವು. ಅದರಿಂದ ಒಂದು ವಾಸನೆ ಎದ್ದಿತು, ಕೊಳೆತ ಬೆಳ್ಳುಳ್ಳಿಯಂಥದು. ಚೈತ್ರ ಮುಖ ಆಚೆ ಮಾಡಿದಳು.

"ಇಷ್ಟು ವಾಸನೆ ಇದ್ರೂ ಹೇಗೆ ಕುಡಿದ್ರು?" ಮರುಳಸಿದ್ದಪ್ಪ ಕೇಳಿದ.

"ಕೂಸು ಹೇಳ್ತು ಸಾರ್," ಎಂದಳು ಹೊನ್ನಕ್ಕ. "ಅಪ್ಪಾ ನೀರು ವಾಸನೆ ಅಂತು. ನೀರಿಗೆ ಔಷಧಿ ಹಾಕಿದೆ ಮಗಾ, ವಾಸನೆ ಬಂದೇ ಬರುತ್ತೆ, ಕುಡಿ, ಒಳ್ಳೇದು ಅಂದ್ರು ದೊಡ್ಡ ಭಟ್ರು. ಅವರೇ ಮೊದಲು ಲೋಟ ಎತ್ತಿ ಕುಡಿದು ತೋರ್ಸಿದ್ರು."

ಊರಿಗೆ ಕಾಮಾಲೆ ಬಂದಿದೆ, ಔಷಧಿ ಹಾಕಿದ ನೀರನ್ನೇ ಕುಡಿಯಿರಿ ಎಂದು ಒಂದು ವಾರದಿಂದ ಮೈಕಿನಲ್ಲಿ ಕೂಗಿಸಿದ್ದರು. ಕೂಗಿದ್ದನ್ನು ನಂಬಿ, ಮಗಳ ಒಳ್ಳೆಯದಕ್ಕೆಂದೇ ಆ ತಂದೆ ಲೋಟ ಎತ್ತಿದ್ದರು.

ಚೈತ್ರ ಹನಿ ಹಾಕಿದಳು, ಅಲುಗಾಡಿಸಿದಳು, ಕಾದಳು. ನೀರು ನೀರಿನ ಬಣ್ಣದಲ್ಲೇ ಉಳಿಯಿತು.

"ಹಳದಿ ಬರ್ಲಿಲ್ಲ," ಎಂದಳು. "ಇದಕ್ಕೆ ಬ್ಲೀಚಿಂಗ್ ಬಿದ್ದ ಹಾಗೆ ಕಾಣಲ್ಲ ಸಾರ್. ಇದೊಂದನ್ನೇ ನಂಬಿ ಕೂರೋಕಾಗಲ್ಲ, ಲ್ಯಾಬಿನವರು ನೋಡ್ಬೇಕು. ಆದ್ರೆ ವಾಸನೆ ಬ್ಲೀಚಿಂಗಿಂದಂತೂ ಅಲ್ಲ."

"ಟ್ಯಾಂಕಿಗೆ ನೀರು ಬರೋದು ಇದೇ ಬಾವಿಯಿಂದ ತಾನೇ?"

"ಭಾನುವಾರ ಸುಬ್ಬ ಬರೋ ಮುಂಚೇನೇ ಟ್ಯಾಂಕು ತುಂಬಿತ್ತು," ಹೊನ್ನಕ್ಕ ಹೇಳಿದಳು. "ಕರೆಂಟು ಹೋಗುತ್ತೆ ಅಂತ ಬೆಳಕು ಹರಿಯೋವಾಗ್ಲೇ ಮೋಟಾರು ಹಾಕಿದ್ರು."

ಈಗ ಎಲ್ಲ ಸ್ಪಷ್ಟವಾಯಿತು. ಸುಬ್ಬಪ್ಪನ ಬಕೀಟಿನ ನೀರು ಬಾವಿಗೆ ಬಿತ್ತು, ಅದನ್ನು ಕುಡಿದ ಮುದುಕಿ ಬದುಕಿದರು. ಟ್ಯಾಂಕಿನ ನೀರನ್ನು ಸುಬ್ಬಪ್ಪ ಮುಟ್ಟಲೇ ಇಲ್ಲ, ಅದನ್ನು ಕುಡಿದವರು ಸತ್ತರು. ಬ್ಲೀಚಿಂಗಿನ ಹೆಸರಿನ ಮರೆಯಲ್ಲಿ ಯಾರೋ ಟ್ಯಾಂಕಿಗೆ ತೋಟದ ವಿಷ ಇಳಿಸಿದ್ದರು.

ಮರುಳಸಿದ್ದಪ್ಪ ಜಗಲಿಯ ಮೇಲೆ, ತೇಜಸ್ವಿಯ ಎದುರಿಗೇ ಕುಳಿತ.

"ಟ್ಯಾಂಕು ತೊಳೆಯೋಕೆ ಯಾರು ಹೇಳಿದ್ದು?"

"ಶಾಸ್ತ್ರ ಸಾರ್. ಯಾರು ಹೇಳೋದು ಎಂತ ಬಂತು?"

"ಹಂಡೆ ತೊಳೆಯೋದು ಶಾಸ್ತ್ರ. ಟ್ಯಾಂಕು ಯಾವ ಶಾಸ್ತ್ರದಲ್ಲಿದೆ?"

"ಅದೂ ತುಂಬಿಟ್ಟ ನೀರೇ ಅಲ್ವಾ?"

"ಐಸು ನೀರಲ್ಲ, ಟ್ಯಾಂಕು ಮಾತ್ರ ನೀರು. ತಿಕ್ಕಿದ್ದು ಯಾರು?"

"ನಾನೇ." ತೇಜಸ್ವಿಯ ಧ್ವನಿ ಸ್ವಲ್ಪ ಗಟ್ಟಿಯಾಯಿತು. "ನಾನೇ ತಿಕ್ಕಿದೆ. ನೀವೇ ಮಾಡಿ ಅಂದ್ರಿ. ಈಗ ನನ್ನ ಕೇಳಿದ್ರೆ?"

"ಭಾನುವಾರ ಎಲ್ಲಿದ್ರಿ?"

"ಶೃಂಗೇರಿಯಲ್ಲಿ. ಪರಿಚಯದವರ ಮನೇಲಿ ಉಪನಯನ. ಬೆಳಿಗ್ಗೆ ಮೋಟಾರು ಹಾಕಿ ಮೊದಲ ಬಸ್ಸಿಗೆ ಹೋದವನು, ದೊಡ್ಡಪ್ಪಂಗೆ ಹೀಗಾಯ್ತು ಅಂತ ಫೋನು ಬಂದ ಮೇಲೇ ಬಂದಿದ್ದು. ಬೇಕಾದ್ರೆ ಪಂಕ್ತಿಯಲ್ಲಿ ಕೂತವರನ್ನೆಲ್ಲ ಕೇಳಿ."

ಕೇಳುವ ಅಗತ್ಯವಿಲ್ಲ ಎಂಬಷ್ಟು ನಿರಾಳವಾಗಿ ಹೇಳಿದ. ಮರುಳಸಿದ್ದಪ್ಪನಿಗೆ ರೇಗಿತು. ರೇಗಿದಾಗ ಅವನು ಧ್ವನಿ ಏರಿಸುವುದಿಲ್ಲ, ಸುಮ್ಮನಾಗುತ್ತಾನೆ. ಆ ಸುಮ್ಮನಿರುವಿಕೆಯಲ್ಲಿ ಅಂಗಳದಲ್ಲಿ ಹೊನ್ನಕ್ಕ ಚೈತ್ರಳಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು.

"ಅವ ಹಂಗೆ ಮಾಡೋನಲ್ಲ ಕಣೇ ಮಾರಾಯ್ತಿ. ಅವಂಗೆ ಒಂದು ಇರುವೆ ಕೊಲ್ಲೋಕೂ ಮನಸ್ಸು ಬರಲ್ಲ. ಈಗ ಅಲ್ಲಿ ಎಂತ ತಿಂದ್ನೋ, ಮಲಗಿದ್ನೋ ಇಲ್ವೋ."

ಅವ. ಅವಂಗೆ. ತಿಂದ್ನೋ.

ಮರುಳಸಿದ್ದಪ್ಪ ಕುಳಿತಲ್ಲೇ ನೆಟ್ಟಗಾದ.

ನಿನ್ನೆ ಹೇಳಿಕೆ ಕೊಡುವಾಗ ಇದೇ ಹೊನ್ನಕ್ಕನ ಬಾಯಿಂದ ಬಂದ ಮಾತು ಅವನಿಗೆ ಅಕ್ಷರ ತಪ್ಪದೆ ನೆನಪಿತ್ತು. ಭಾನುವಾರ ನೀರಿಗೆ ಯಾರಾದರೂ ಏನಾದರೂ ಹಾಕಿದ್ದು ನೋಡಿದ್ದೀಯಾ ಎಂದು ಕೇಳಿದ್ದ. "ಔಷಧಿ ಹಾಕ್ತಿದ್ರು ಸಾರ್, ನಾ ಕಂಡೆ," ಎಂದಿದ್ದಳು. ಅಷ್ಟು ಸಿಕ್ಕಿದ್ದೇ ತಡ, ಔಷಧಿ ಎಂದರೆ ಬ್ಲೀಚಿಂಗು, ಹಾಕಿದವನು ನೀರುಗಂಟಿ ಎಂದು ಜೀಪು ಹತ್ತಿದ್ದ.

ಮರುಳಸಿದ್ದಪ್ಪ ಬಯಲುಸೀಮೆಯವನು, ಹರಪನಹಳ್ಳಿ ಕಡೆಯವನು. ಅವನ ಊರಲ್ಲಿ ಹೆತ್ತವ್ವನಿಗೂ ಬಾ ಹೋಗು ಎನ್ನುತ್ತಾರೆ, ಪೊಲೀಸರ ಮುಂದೆ ನಿಂತರೆ ಕುರಿಕಳ್ಳನನ್ನೂ ಅವರು ಇವರು ಎನ್ನುತ್ತಾರೆ. ಹೀಗಾಗಿ ಮಾತಿನ ಬಾಲಕ್ಕೆ ಅವನು ಯಾವತ್ತೂ ಬೆಲೆ ಕೊಟ್ಟವನಲ್ಲ. ಆದರೆ ಇಲ್ಲಿನವರು ಹಾಗಲ್ಲ. ತಾನೇ ಎತ್ತಿ ಬೆಳೆಸಿದ ತಮ್ಮನ ಬಗ್ಗೆ ಯಾವ ಅಕ್ಕನೂ ಹಾಕ್ತಿದ್ರು ಎನ್ನುವುದಿಲ್ಲ. ಹಾಕ್ತಿದ್ದ ಎನ್ನುತ್ತಾಳೆ. ಅವಳು ಹಾಕ್ತಿದ್ರು ಅಂದಿದ್ದರೆ ಅದು ಅವಳಿಗಿಂತ ಮೇಲಿನವರನ್ನು ಕುರಿತದ್ದು. ಈ ಮನೆಯವರನ್ನು.

ತಮ್ಮನನ್ನು ಲಾಕಪ್ಪಿಗೆ ಕಳಿಸಿದ್ದು ತನ್ನದೇ ಮಾತು ಎಂದು ಆ ಹೆಂಗಸಿಗೆ ಇನ್ನೂ ಗೊತ್ತಿಲ್ಲ. ಅದು ನೆನಪಾದಾಗ ಮರುಳಸಿದ್ದಪ್ಪನಿಗೆ ತನ್ನ ಸಮವಸ್ತ್ರದ ಮೇಲೇ ನಾಚಿಕೆಯಾಯಿತು.

"ಹೊನ್ನಕ್ಕ, ಇಲ್ಲಿ ಬಾ."

ಅವಳು ಬಂದಳು.

"ನಿನ್ನೆ ಔಷಧಿ ಹಾಕ್ತಿದ್ರು ಅಂದ್ಯಲ್ಲ. ಎಲ್ಲಿಗೆ ಹಾಕ್ತಿದ್ರು?"

"ಟ್ಯಾಂಕಿಗೆ."

"ಬಾವಿಗಲ್ವಾ?"

"ಬಾವಿಗೆ ಸುಬ್ಬ ಹಾಕಿದ. ನೀವು ಅದನ್ನ ಕೇಳ್ಲಿಲ್ಲ. ನಾನು ಹೇಳಿದ್ದು ಟ್ಯಾಂಕಿಂದು." ಅವಳ ಕಣ್ಣು ನಿಧಾನವಾಗಿ ಅಗಲವಾಯಿತು. "ಸಾರ್, ನಾ ಹೇಳಿದ್ದಕ್ಕೆ ಹಿಡ್ಕೊಂಡು ಹೋದ್ರಾ ಅವನ್ನ?"

ಅವನು ತೇಜಸ್ವಿಯ ಕಡೆ ತಿರುಗಿದ.

"ಏನ್ರೀ ಸಣ್ಣ ಭಟ್ರೇ? ಶೃಂಗೇರಿ ಬಸ್ಸು ಹತ್ತೋ ಮುಂಚೆ ಟ್ಯಾಂಕು ಹತ್ತಿದ್ರಾ?"

ತೇಜಸ್ವಿ ಎದ್ದು ನಿಂತ. ಮುಖದಲ್ಲಿ ರಕ್ತ ಇರಲಿಲ್ಲ. ಆದರೆ ಬಾಯಿ ಬಿಟ್ಟದ್ದು ಅವನಲ್ಲ, ಹೊನ್ನಕ್ಕ.

"ಅವರಲ್ಲ ಸಾರ್."

"ನೀನೇ ಅಂದ್ಯಲ್ಲ, ಹಾಕ್ತಿದ್ರು ಅಂತ?"

"ಗಂಡಸರು ಅಂದ್ನಾ ನಾನು?"

ಅಂದಿರಲಿಲ್ಲ. ಅಷ್ಟು ಹೊತ್ತು ಮಾತಿನ ಬಾಲ ಹಿಡಿದು ಬೀಗಿದ ಪತ್ತೇದಾರನಿಗೆ, ಆ ಬಾಲದಲ್ಲಿ ಗೌರವ ಇದೆಯೇ ಹೊರತು ಗಂಡು ಹೆಣ್ಣು ಇಲ್ಲ ಎಂಬುದು ಹೊಳೆದಿರಲಿಲ್ಲ.

"ಮತ್ಯಾರು?"

"ಅಮ್ಮ. ವೇದಮ್ಮೋರು."

ಚೈತ್ರ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಹತ್ತಿರ ಬಂದಳು.

"ಹಿತ್ತಲ ಮೆಟ್ಟಿಲಿಂದ ಟ್ಯಾಂಕಿಗೆ ಕೈ ಎಟುಕುತ್ತೆ ಸಾರ್," ಹೊನ್ನಕ್ಕ ಅಳುಕದೆ ಹೇಳುತ್ತ ಹೋದಳು. ಅವಳಿಗೆ ಇದರಲ್ಲಿ ಮುಚ್ಚಿಡುವಂಥದ್ದೇನೂ ಕಂಡಿರಲಿಲ್ಲ. "ನಂಗೆ ಮಡಿ, ನನ್ನ ಬಾವಿಗೆ ಎಂತದೂ ಬೇಡ, ಆದ್ರೆ ಕೂಸಿಗೆ ಕಾಮಾಲೆ ಬರ್ಬಾರ್ದಲ್ಲ ಅಂದ್ರು. ನನ್ನೆದುರೇ ಪೊಟ್ಟಣ ಬಿಚ್ಚಿ ಹಾಕಿದ್ರು. ಮೂಗಿಗೆ ಸೆರಗು ಹಿಡ್ಕೊಂಡು, ಬ್ಲೀಚಿಂಗಿನ ವಾಸನೆ ಎಷ್ಟು ಕೆಟ್ಟದು ಮಾರಾಯ್ತಿ, ಅಂದ್ರು."

ಅಂದರೆ ಅವರಿಗೆ ಗೊತ್ತಿರಲಿಲ್ಲ. ಮಗುವನ್ನು ಉಳಿಸಲೆಂದು ಹಾಕಿದ್ದರು. ಬ್ಲೀಚಿಂಗಿನ ವಾಸನೆಯನ್ನೇ ಅರಿಯದ ಮುದುಕಿಯ ಕೈಗೆ ಯಾರೋ ಔಷಧಿ ಎಂಬ ಒಂದು ಮಾತಿನಲ್ಲಿ ಸುತ್ತಿ ವಿಷ ಕೊಟ್ಟಿದ್ದರು. ಅವರು ಹೇಗೂ ಆ ನೀರು ಕುಡಿಯುವುದಿಲ್ಲ ಎಂಬುದನ್ನು ಬಲ್ಲವರು.

"ಪೊಟ್ಟಣ ಯಾರು ಕೊಟ್ಟಿದ್ದು ಅವರಿಗೆ?"

"ಅದು ನಂಗೊತ್ತಿಲ್ಲ."

"ಖಾಲಿ ಪೊಟ್ಟಣ ಎಲ್ಲಿ?"

"ಖಾಲಿ ಎಲ್ಲಾಯ್ತು? ಇಷ್ಟು ವಾಸನೆ ಇದೆ, ಅರ್ಧ ಸಾಕು ಅಂತ ಕಟ್ಟಿಟ್ರು. ಇವತ್ತು ಬೆಳಿಗ್ಗೆ ಹೋಗೋವಾಗ ಚೀಲಕ್ಕೆ ಹಾಕ್ಕೊಂಡ್ರು." ಹೊನ್ನಕ್ಕ ಸೆರಗಿನಿಂದ ಕಣ್ಣೊರೆಸಿದಳು. "ಆಸ್ಪತ್ರೆ ನೀರು ಎಲ್ಲೆಲ್ಲಿಂದು ಬಂದಿರುತ್ತೋ, ಸುಬ್ಬನ ಹಾಗೆ ಯಾರ್ಯಾರ ಕೈ ಬಿದ್ದಿರುತ್ತೋ. ನಾನೇ ಔಷಧಿ ಹಾಕಿ ಕೊಡ್ತೀನಿ, ಕೂಸಿಗೆ ಮತ್ತೆ ಎಂತದೂ ಆಗ್ಬಾರ್ದು ಅಂದ್ರು. ನಂಗೆ ಆ ಮಾತು ನೋವಾಯ್ತು ಸಾರ್, ಆದ್ರೂ ಸುಮ್ನಿದ್ದೆ."

ಮರುಳಸಿದ್ದಪ್ಪ ಓಡಿದ. ಆ ಮನೆಯಲ್ಲಿ ಸಿಗ್ನಲ್ ಸಿಗುವುದು ಅಂಗಳದ ಕೊನೆಯಲ್ಲಿ ಮಾತ್ರ. ಅಲ್ಲಿ ನಿಂತು ವಾರ್ಡಿನ ನಂಬರು ಒತ್ತಿದ. ಹುಡುಗಿಯ ಕಾವಲಿಗೆ ಹಾಕಿದ್ದ ಪೇದೆಯನ್ನು, ಆರೋಪಿ ಸಿಕ್ಕಿದನಲ್ಲ ಇನ್ನೇಕೆ ಎಂದು, ರಾತ್ರಿಯೇ ವಾಪಸು ಕರೆಸಿದ್ದ. ಫೋನು ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಮತ್ತೆ ಒತ್ತಿದ. ಅವನಿಗೆ ದೇವರು ದಿಂಡರು ಅಷ್ಟಕ್ಕಷ್ಟೇ. ಆದರೂ ಆ ಹೊತ್ತಿನಲ್ಲಿ ಅವನು ತನಗೆ ಹೆಸರು ಗೊತ್ತಿದ್ದ ದೇವರನ್ನೆಲ್ಲ ಕರೆದ.

"ಹಲೋ, ವಾರ್ಡು."

"ನಾನು ಬೆಳಿಗ್ಗೆ ಮಾತಾಡಿದ ಸಬ್ ಇನ್‌ಸ್ಪೆಕ್ಟರ್. ಮಹಿಮಾ ಅನ್ನೋ ಹುಡುಗಿ. ಅವಳ ಹತ್ರ ಒಬ್ರು ವಯಸ್ಸಾದೋರು ಬಂದಿದಾರಾ?"

"ಬಂದಿದಾರೆ ಸಾರ್, ಆಗ್ಲೇ ಬಂದ್ರು. ಪಾಪ, ಬಸ್ಸಿಳಿದು ಬಿಸಿಲಲ್ಲಿ ನಡ್ಕೊಂಡೇ ಬಂದಿದಾರೆ. ಹುಡುಗಿ ಹತ್ರಾನೇ ಕೂತಿದಾರೆ. ನಮ್ಮ ನೀರು ಬೇಡವಂತೆ, ಅವರೇ ಏನೋ ಲೋಟದಲ್ಲಿ ಕಲಸ್ತಾ ಇದ್ರು."

"ಕುಡಿಸೋಕೆ ಬಿಡಬೇಡಿ. ಲೋಟ ಕಿತ್ಕೊಳ್ಳಿ. ಓಡಿ, ಈಗ್ಲೇ ಓಡಿ."

ಫೋನನ್ನು ಮೇಜಿನ ಮೇಲೆ ಎಸೆದ ಸದ್ದು. ಚಪ್ಪಲಿಯ ಸದ್ದು ದೂರವಾಯಿತು. ಆಮೇಲೆ ಯಾವುದೋ ಮಗು ಅಳುವುದು, ಫ್ಯಾನಿನ ಕಿರಕಿರ.

ಹಿಂದೆ ಯಾರೋ ನಿಂತಿದ್ದಾರೆ ಎನಿಸಿತು. ಮರುಳಸಿದ್ದಪ್ಪ ತಿರುಗಿದ. ಕ್ರಿಯೆಗೆ ಕೂತವನು ಮೆಟ್ಟಿಲಿಳಿದು ಅಂಗಳ ದಾಟಿ ಬಂದಿದ್ದ. ಪಂಚೆ ನೆಲಕ್ಕೆ ಜಾರುತ್ತಿದ್ದುದೂ ಅವನಿಗೆ ತಿಳಿದಿರಲಿಲ್ಲ.

"ಮಹಿಮಾ ಭಾನುವಾರ ಮನೇಲೇ ಉಳೀತಾಳೆ ಅಂತ ನಂಗೆ ಗೊತ್ತಿರಲಿಲ್ಲ," ತೇಜಸ್ವಿ ಹೇಳಿದ. ಮಾತು ಪೊಲೀಸರಿಗಲ್ಲ, ಬಾವಿಗೆ ಹೇಳಿದಂತಿತ್ತು. "ಪರೀಕ್ಷೆ ಮುಗಿಸಿ ಸೀತೂರಿಗೆ, ಅವಳ ಮಾವನ ಮನೆಗೆ ಹೋಗ್ತೀನಿ ಅಂದಿದ್ಲು. ಮತ್ತೆ ಅತ್ತೆ ಹತ್ರ ನಾನು ಸರಿಯಾಗೇ ಹೇಳಿದ್ದೆ. ಪೂರ್ತಿ ಹಾಕ್ಬಿಡಿ, ಒಂಚೂರೂ ಉಳಿಸ್ಬೇಡಿ ಅಂತ ಹೇಳಿದ್ದೆ."

ಮರುಳಸಿದ್ದಪ್ಪನ ಒಂದು ಕೈ ತೇಜಸ್ವಿಯ ರಟ್ಟೆಯನ್ನು ಹಿಡಿಯಿತು, ಇನ್ನೊಂದು ಕೈ ಫೋನನ್ನು ಕಿವಿಗೆ ಒತ್ತಿಯೇ ಇತ್ತು.

ಚಪ್ಪಲಿಯ ಸದ್ದು ಹತ್ತಿರ ಬಂತು. ನರ್ಸ್ ಏದುಸಿರು ಬಿಡುತ್ತಿದ್ದಳು.

"ಸಾರ್," ಎಂದಳು. "ಲೋಟ ಖಾಲಿ ಇದೆ."